ಗೋಡೆಯಾಚೆಯ ಇಂಗ್ಲಿಷು

ಮಕ್ಕಳೇ, ನಿಮ್ಮ ಅಜ್ಜ ಇಥಿಯೋಪಿಯಕ್ಕೆ ಇಂಗ್ಲಿಷ್ ಕಲಿಸಲು ಹೋದದ್ದು ನಿಮಗೆಲ್ಲ ಗೊತ್ತು. ಆ ವಿದ್ಯಾದಾನದಲ್ಲಿ ನನ್ನದೂ ಒಂದು ಪಾಲಿದೆ ಎಂಬುದು ಗೊತ್ತಿಲ್ಲ. ನಾಲ್ಕನೇ ಕ್ಲಾಸು ಓದಿದ ನಾನೂ ಇಂಗ್ಲಿಷ್ ಟೀಚರ್ ಆಗಿದ್ದೆ. ಈಗಲೇ ನಗಬೇಡಿ. ನಗುವ ಜಾಗ ಮುಂದೆ ಬರುತ್ತದೆ.

ಪರದೇಶದ ಕೆಲಸ ಸಿಕ್ಕಿದರೆ ದುಡ್ಡು ಸುರಿಯುತ್ತದೆ ಎಂದು ನಾನು ನಂಬಿದ್ದೆ. ಸುರಿಯಿತು, ನಮ್ಮ ಕೈಯಿಂದ! ಪಾಸ್‌ಪೋರ್ಟಿಗೆ ದುಡ್ಡು, ಬೊಂಬಾಯಿಗೆ ಹೋಗಲು ದುಡ್ಡು, ಅಲ್ಲಿಂದ ಹಡಗಿಗೆ ದುಡ್ಡು. ಅದರ ಮೇಲೆ ಉಣ್ಣೆಯ ಕೋಟು. ಆಫ್ರಿಕ ಎಂದರೆ ಸೆಕೆಯಲ್ಲವೇ ಎಂದು ಕೇಳಿದರೆ, ಅಲ್ಲಿ ಮಡಿಕೇರಿಗಿಂತ ಹೆಚ್ಚು ಚಳಿ ಎಂದರು ಅಜ್ಜ. ನನ್ನ ಕತ್ತಿನ ಚಿನ್ನದ ಚಕ್ರಸರ ಪುತ್ತೂರಿನಲ್ಲಿ ಅಡವು ಬಿತ್ತು. ಹಡಗಿನ ಖರ್ಚನ್ನು ಅಲ್ಲಿಯ ಸರಕಾರ ಆಮೇಲೆ ಕೊಡುತ್ತದಂತೆ. ಅವರು ಕೊಡುವುದೆಲ್ಲ ಆಮೇಲೆ, ನಾವು ಕೊಡುವುದೆಲ್ಲ ಮೊದಲು. ಪರದೇಶದ ಲೆಕ್ಕ ನನಗೆ ಅರ್ಥವಾದದ್ದು ಇಷ್ಟು.

"ಸಂಬಳ ಆದ ಕೂಡಲೇ ಕಳಿಸ್ತೇನೆ. ಮನೆ ಮಾತ್ರ ಬಿಡಬೇಡ" ಎಂದು ಹೇಳಿ ಅವರು ಬಸ್ಸು ಹತ್ತಿದರು.

ಆ ಮನೆ ಸುಳ್ಯದಲ್ಲಿ, ಅಜ್ಜ ಅಲ್ಲಿಯವರೆಗೆ ಪಾಠ ಮಾಡುತ್ತಿದ್ದ ಹೈಸ್ಕೂಲಿನ ಗೋಡೆಗೆ ಒತ್ತಿಕೊಂಡಿದ್ದ ಬಾಡಿಗೆ ಮನೆ. ಸಂಬಳದ ಬದಲು ಕಾಗದ ಬಂತು. ಅಜ್ಜನ ಕೈಗೇ ಇನ್ನೂ ಸಂಬಳ ಬಂದಿಲ್ಲವಂತೆ, ಯಾವುದೋ ಸಹಿ ಬಾಕಿಯಂತೆ. ಇತ್ತ ಬಾಡಿಗೆ ಬಾಕಿಯಾಯಿತು. ಮನೆ ಬಿಟ್ಟರೆ ನನ್ನ ತವರು ಆಲೆಟ್ಟಿಯೇ ಗತಿ. ಅಲ್ಲಿ ನಮ್ಮ ಅತ್ತಿಗೆ, "ಮಾಸ್ಟ್ರು ಆಫ್ರಿಕಕ್ಕೆ, ಅವಳು ಆಲೆಟ್ಟಿಗೆ. ಇಬ್ಬರೂ ಪರದೇಶಿಗಳೇ ಆದರಲ್ಲ" ಎಂದು ಊರಿಡೀ ಹೇಳಿಕೊಂಡು ನಗುತ್ತಿದ್ದರಂತೆ. ಆ ಮಾತು ಕೇಳಿದ ಮೇಲೆ, ಏನಾದರೂ ಸರಿ ಸುಳ್ಯ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಒಂದು ಬೆಳಿಗ್ಗೆ ಮನೆಯ ಯಜಮಾನರು ಕೂಸಪ್ಪಣ್ಣ ಜಗಲಿಗೆ ಬಂದು ಕೂತರು. ಬಾಡಿಗೆಯ ಸುದ್ದಿ ಎತ್ತಲಿಲ್ಲ. ಅವರ ಮಗಳು ಗಿರಿಜೆಯನ್ನು ನೋಡಲು ಕಡಬದಿಂದ ಹುಡುಗನ ಕಡೆಯವರು ಬರುವವರಿದ್ದರು. ಹುಡುಗ ಮಡಿಕೇರಿಯ ಎಸ್ಟೇಟಿನಲ್ಲಿ ಗುಮಾಸ್ತ. ಹೆಂಡತಿಗೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು ಎಂದಿದ್ದನಂತೆ.

"ಬಾಡಿಗೆ ಅಲ್ಲಿಗಲ್ಲಿಗೆ ಸರಿ ಮಾಡುವ ಅಕ್ಕ. ಗಿರಿಜೆಗೆ ನಾಲ್ಕು ಮಾತು ಹೇಳಿಕೊಡಿ."

ನನಗೆ ಬರುವುದಿಲ್ಲ ಎಂದು ಹೇಳಹೊರಟೆ. ಅವರು ಮುಗಿಸಲು ಬಿಡಲಿಲ್ಲ.

"ಮಾಸ್ಟ್ರ ಹೆಂಡತಿಗೆ ಇಂಗ್ಲಿಷ್ ಬರುದಿಲ್ಲ ಅಂದ್ರೆ, ಕೋಳಿ ಸಾಕಿದವನ ಮನೆಯಲ್ಲಿ ಮೊಟ್ಟೆ ಇಲ್ಲ ಅಂದ ಹಾಗೆ ಆಯ್ತಲ್ಲ" ಎಂದರು ಕೂಸಪ್ಪಣ್ಣ.

ನಾನು ನಾಚಿ ತಲೆ ತಗ್ಗಿಸಿದೆ. ತಗ್ಗಿದ ತಲೆಯನ್ನು ಅವರು ಒಪ್ಪಿಗೆ ಎಂದು ತಿಳಿದರು. ಹೀಗೆ ನನ್ನ ನೇಮಕಾತಿಯಾಯಿತು.

ನನಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲವೆಂದಲ್ಲ. ಅಜ್ಜ ಗೋಡೆಯಾಚೆ ಪಾಠ ಮಾಡುವಾಗ ನಾನು ಈಚೆ ಅಡಿಗೆ ಮಾಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದ ಇಂಗ್ಲಿಷ್ ಆಚೆಗೇ ಉಳಿಯುತ್ತಿತ್ತು, ಬೊಬ್ಬೆ ಹೊಡೆದದ್ದು ಮಾತ್ರ ನನ್ನ ಒಲೆಯವರೆಗೆ ಬರುತ್ತಿತ್ತು. ಅರ್ಥವನ್ನು ನಾನೇ ಕಂಡುಹಿಡಿದಿದ್ದೆ. 'ವೆರಿ ಪೂವರ್' ಎಂದ ಕೂಡಲೇ ಒಬ್ಬ ಹುಡುಗ ಕೂರುವ ಸದ್ದು ಕೇಳುತ್ತಿತ್ತು. ಹಾಗಾದರೆ ಅದು 'ಕೂತುಕೊಳ್ಳಿ'. 'ನೆಕ್ಸ್ಟ್ ಬಾಯ್' ಎಂದ ಕೂಡಲೇ ಯಾರಾದರೂ ಓದತೊಡಗುತ್ತಿದ್ದರು. ಅದು 'ಏನಾದರೂ ಮಾತಾಡಿ'. 'ಗೆಟ್ ಔಟ್' ಎಂದರೆ ಯಾರೋ ಎದ್ದು ಹೊರಗೆ ಹೋಗುತ್ತಿದ್ದರು. ಅದು 'ಹೋಗಿ ಬನ್ನಿ'. ಮನೆಗೆ ಬಂದವರಿಗೆ ಹೇಳಲು ಇದಕ್ಕಿಂತ ಹೆಚ್ಚು ಏನು ಬೇಕು? ಗಿರಿಜೆ ಚುರುಕಿನ ಹುಡುಗಿ, ಉರು ಹೊಡೆದು ಕಲಿತಳು.

ಆ ದಿನ ನಾನು ಕೂಸಪ್ಪಣ್ಣನ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಗಿರಿಜೆ ಕಾಫಿ ತಂದಿಟ್ಟಾಗ ಹುಡುಗ ಗೌರವದಿಂದ ಅರ್ಧ ಎದ್ದು ನಿಂತ. ಗಿರಿಜೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಸ್ಪಷ್ಟವಾಗಿ "ವೆರಿ ಪೂವರ್" ಎಂದಳು.

ಹುಡುಗ ದೊಪ್ಪನೆ ಕೂತ. ಅರ್ಥ ಸರಿಯಾಗಿಯೇ ಇದೆ ಎಂದು ನನಗೆ ಸಮಾಧಾನವಾಯಿತು! ಅವನು ಮಾತಿಲ್ಲದೆ ಲೋಟ ನೋಡುತ್ತಿದ್ದುದರಿಂದ ಗಿರಿಜೆ ನಯವಾಗಿ ಮುಂದುವರಿಸಿದಳು. "ನೆಕ್ಸ್ಟ್ ಬಾಯ್."

ಹುಡುಗನ ಹಣೆಯಲ್ಲಿ ಬೆವರು ಬಂತು. "ಎಂತ ಹೇಳಿದ್ದು ಅವಳು?" ಎಂದು ಅವನ ಸೋದರಮಾವ ಕೇಳಿದರು. "ಇಂಗ್ಲಿಷ್ ಉಂಟು ಮಾವ. ಬೇಕಾದ್ದಕ್ಕಿಂತ ಜಾಸ್ತಿಯೇ ಉಂಟು" ಎಂದು ಅವನು ಎದ್ದೇಬಿಟ್ಟ. ಹೊರಡುವವನಿಗೆ ಗಿರಿಜೆ ಎರಡೂ ಕೈ ಜೋಡಿಸಿ, ನಗುನಗುತ್ತಾ, "ಗೆಟ್ ಔಟ್" ಎಂದಳು.

ಹುಡುಗ ಆ ಜೋಡಿಸಿದ ಕೈಯನ್ನು ನೋಡಿದ, ಆ ನಗುವನ್ನು ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದ. ಯಾರು ಕಲಿಸಿದ್ದು ಎಂದು ಕೇಳಿದ. ಕೂಸಪ್ಪಣ್ಣ ಹೆಮ್ಮೆಯಿಂದ ನನ್ನನ್ನು ಕರೆದರು. ಹುಡುಗ ಮೂರು ಮಾತಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿದ. ನೆಲ ಬಾಯಿ ಬಿಡಲಿ ಎಂದು ಕಾದೆ. ಬಿಡಲಿಲ್ಲ, ಸಗಣಿ ಸಾರಿಸಿದ ಗಟ್ಟಿ ನೆಲ. ಮನೆಯೂ ಹೋಯಿತು, ಹುಡುಗಿಯ ಮದುವೆಯೂ ಹೋಯಿತು, ಇನ್ನು ಆಲೆಟ್ಟಿಯೇ ಎಂದುಕೊಂಡೆ.

ಆಗ ಗಿರಿಜೆ ನೆಲ ನೋಡುತ್ತಾ, "ನಾನು ನಿಮ್ಮನ್ನು ಕೂತ್ಕೊಳ್ಳಿ ಹೇಳಿದ್ದು. ಹೋಗ್ಲಿಕ್ಕೆ ಹೇಳಿದ್ದಲ್ಲ" ಎಂದಳು.

"ಹಾಗಾದ್ರೆ ಕೂತ್ಕೊಳ್ತೇನೆ" ಎಂದು ಹುಡುಗ ಮತ್ತೆ ಕೂತ. ಮದುವೆ ನಿಶ್ಚಯ ಮಾಡಿಕೊಂಡೇ ಎದ್ದ.

ಅಜ್ಜನ ದುಡ್ಡು ಕೊನೆಗೂ ಬಂದಾಗ ಬಾಡಿಗೆ ಹಿಡಿದುಕೊಂಡು ಹೋದೆ. ಕೂಸಪ್ಪಣ್ಣ ಮುಟ್ಟಲಿಲ್ಲ. "ಅದು ಟೀಚರ ಸಂಬಳ. ಆದ್ರೆ ನನ್ನ ಸಣ್ಣ ಮಗಳಿಗೆ ಮಾತ್ರ ಕಲಿಸುದು ಬೇಡ ಮಾರಾಯ್ರೆ" ಎಂದರು.

ಮರುವರ್ಷ ನನ್ನನ್ನೂ ಅಜ್ಜ ಕರೆಸಿಕೊಂಡರು. ತಮ್ಮ ಶಾಲೆ ತೋರಿಸಲು ಕರೆದುಕೊಂಡು ಹೋದರು. ಇಡೀ ಕ್ಲಾಸು ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದಿತು. ಇದಕ್ಕೆ 'ಸಿಟ್ ಡೌನ್' ಎನ್ನಬೇಕೆಂದು ಅಜ್ಜ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ಅಷ್ಟು ಕಣ್ಣುಗಳನ್ನು ಕಂಡು ಹೆದರಿದ ನನ್ನ ಬಾಯಿಂದ ಬಂದದ್ದು "ಗೆಟ್ ಔಟ್".

ಮಕ್ಕಳು ಬಹಳ ವಿಧೇಯರು. ಖುಷಿಯಿಂದ ಮನೆಗೆ ಹೋದರು.

ಪರದೇಶದಲ್ಲಿ ನಾನು ಇಂಗ್ಲಿಷ್ ಕಲಿಸಿದ್ದು ಅದೊಂದೇ ದಿನ. ಅದರ ಸಂಬಳ ಇನ್ನೂ ಬಂದಿಲ್ಲ.