ನಾಲ್ವರೂ ಗೆದ್ದ ಆಟ

ಡಿಸೆಂಬರ್ ಇಪ್ಪತ್ತೆಂಟು, ಶನಿವಾರ. ಬೆಳಿಗ್ಗೆ ಎಂಟು ಗಂಟೆಗೆ ದರ್ಜಿಯ ಹೆಂಡತಿಗೆ ಸರಿಯಾಗಿ ಆರು ಸಾವಿರ ಕಡಿಮೆ ಬಿದ್ದಿತ್ತು. ಓವರ್‌ಲಾಕ್ ಹೊಲಿಗೆ ಯಂತ್ರದ ಬೆಲೆ ನಲವತ್ತೊಂದು ಸಾವಿರದ ಏಳುನೂರು. ಅವಳ ಕೈಯಲ್ಲಿದ್ದುದು ಮೂವತ್ತೈದು ಸಾವಿರದ ಏಳುನೂರು. ಸಂಜೆ ಆರರೊಳಗೆ ಪೂರ್ಣ ಹಣ ಮುಟ್ಟದಿದ್ದರೆ ಯಂತ್ರವು ಎದುರಿನ ದರ್ಜಿಗೆ ಹೋಗುತ್ತಿತ್ತು. ಅದರ ಹಿಂದೆ ಗಿರಾಕಿಗಳೂ ಹೋಗುತ್ತಿದ್ದರು.

"ರೀ, ಈ ವರ್ಷ ಪೋಕರ್‌ನಲ್ಲಿ ಎಷ್ಟು ಗೆದ್ದಿದೀನಿ ಅಂದ್ರಿ?"

"ಹನ್ನೊಂದು ಸಾವಿರದ ನಾನೂರು," ಎಂದ ದರ್ಜಿ, ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆಯದೆ.

"ಅದ್ರಲ್ಲಿ ಆರು ಸಾವಿರ ಕೊಡಿ. ಮಿಕ್ಕಿದ್ದು ನೀವೇ ಇಟ್ಕೊಳ್ಳಿ."

ಸೂಜಿಗಳು ಗಂಟಲಿಗಿಳಿಯದೆ ಉಳಿದದ್ದು ಅವನ ಪುಣ್ಯ.

ಅವನು ಸುಳ್ಳುಗಾರನಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಅವನೂ ಕ್ಷೌರಿಕನೂ ಔಷಧದ ಅಂಗಡಿಯವನೂ ಬಸ್ ಕಂಡಕ್ಟರನೂ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಆಡುತ್ತಿದ್ದರು. ಆಟ ಗೆದ್ದವನು ಇಪ್ಪತ್ತೈದು ರೂಪಾಯಿಯನ್ನು ಟೀ ಖರ್ಚಿನ ಡಬ್ಬಕ್ಕೆ ಹಾಕಿ, ಮುಚ್ಚಳವನ್ನು ಠಣ್ಣೆಂದು ಬಡಿಯಬೇಕೆಂಬುದು ಅವರ ಪದ್ಧತಿ. ಗೆಲುವಿಗೆ ಹೀಗೆ ಸದ್ದಿತ್ತು, ಸೋಲಿಗೆ ಇರಲಿಲ್ಲ. ಕೇಳಿಸಿದ್ದನ್ನಷ್ಟೇ ಅವರು ನೆನಪಿಟ್ಟುಕೊಂಡರು.

ಅಲಮಾರಿನಲ್ಲಿ ಗೆಲುವಿನ ಹಣ ಕಾಣದಿದ್ದಾಗ, ಅದು ಸ್ನೇಹಿತರ ಬಳಿಯೇ ಇರಬೇಕೆಂದು ನಿರ್ಧರಿಸಿ ದರ್ಜಿ ಕ್ಷೌರದಂಗಡಿಗೆ ಹೋದ.

"ನಾನು ಗೆದ್ದಿದೀನಿ ಅಂದ್ಮೇಲೆ ನೀನು ಸೋತಿರ್ಬೇಕಲ್ಲಪ್ಪಾ? ಅದ್ರಲ್ಲೇ ಸ್ವಲ್ಪ ಸಾಲ ಕೊಡು."

"ಸೋಲೋದಾ? ನಾನಾ? ಆರು ಸಾವಿರದ ಇನ್ನೂರು ಲಾಭದಲ್ಲಿದೀನಿ!" ಎಂದ ಕ್ಷೌರಿಕ.

ನೊರೆಯೊಳಗಿಂದ ಗಿರಾಕಿ ಬಾಯಿ ಹಾಕಿದ. "ಹಾಗಾದ್ರೆ ಹೋದ ವಾರ ನನ್ನ ಹತ್ರ ತಗೊಂಡ ಐನೂರು..."

"ಅಲ್ಲಾಡ್ಬೇಡಿ ಸ್ವಾಮಿ, ಕಿವಿ ಹೋಗುತ್ತೆ."

ಔಷಧದ ಅಂಗಡಿಯವನು ಎಂಟು ಸಾವಿರ ಗೆದ್ದಿದ್ದ. ದರ್ಜಿಯ ಮುಖ ನೋಡಿ ತಲೆನೋವಿನ ಮಾತ್ರೆ ಕೊಟ್ಟ; ದುಡ್ಡನ್ನೂ ತೆಗೆದುಕೊಂಡ. ಕಂಡಕ್ಟರನನ್ನು ಹಿಡಿಯಲು ದರ್ಜಿ ಚಲಿಸುವ ಬಸ್ಸಿಗೆ ಹಾರಬೇಕಾಯಿತು.

"ಮೂರು ಸಾವಿರದ ಐನೂರು ಗೆದ್ದಿದೀನಿ ಕಣಯ್ಯ," ಎಂದ ಕಂಡಕ್ಟರ್. "ಎಲ್ಲಿಗೆ ಟಿಕೆಟ್ ಕೊಡ್ಲಿ?"

ನಾಲ್ವರ ಗೆಲುವು ಒಟ್ಟು ಇಪ್ಪತ್ತೊಂಬತ್ತು ಸಾವಿರದ ನೂರು. ಸೋತವರು ಸೊನ್ನೆ. ಯಾರೂ ಯಾರನ್ನೂ ಅನುಮಾನಿಸಲಿಲ್ಲ. ಸ್ನೇಹಕ್ಕೋಸ್ಕರ ಗಣಿತವನ್ನೇ ಬಿಟ್ಟುಕೊಟ್ಟವರನ್ನು ಗೌರವಿಸದಿರುವುದು ಕಷ್ಟ.

ಇಂಥ ಆಟಗಾರನಿಗೆ ಆರು ಸಾವಿರ ಗೆಲ್ಲಲು ಒಂದು ಮಧ್ಯಾಹ್ನ ಸಾಕೆಂದು ದರ್ಜಿಗೆ ತೋರಿತು. ಗಿರಾಕಿಯೊಬ್ಬರು ಕೋಟಿನ ಲೈನಿಂಗ್ ಬಟ್ಟೆಗೆಂದು ಕೊಟ್ಟಿದ್ದ ಎರಡು ಸಾವಿರದ ನಾನೂರನ್ನು ಅವನು ಮೇಜಿನ ಮೇಲಿಟ್ಟ. ಕ್ಷೌರಿಕ ಸಾವಿರದ ಐನೂರು, ಔಷಧದವನು ಸಾವಿರದ ಇನ್ನೂರು, ಕಂಡಕ್ಟರ್ ಒಂಬೈನೂರು ತಂದಿದ್ದರು. ಗಂಟೆ ಹನ್ನೆರಡು.

ದರ್ಜಿಯ ಹೆಂಡತಿ ಟೀ ತಂದಿಟ್ಟು ಮೇಜಿನತ್ತ ಒಮ್ಮೆ ನೋಡಿದಳು. "ಇವತ್ತು ದೊಡ್ಡ ಆಟ. ಡಬ್ಬಕ್ಕೆ ಒಂದೊಂದು ಗೆಲುವಿಗೂ ನೂರು ಹಾಕಿ."

"ಅತ್ತಿಗೆ ಹೇಳಿದ್ದು ಸರಿ," ಎಂದ ಕ್ಷೌರಿಕ. "ಗೆಲ್ಲೋರಿಗೆ ನೂರು ಯಾವ ಲೆಕ್ಕ?"

ಐದು ನಿಮಿಷಕ್ಕೊಂದು ಆಟ ನಡೆಯಿತು. ಮುಚ್ಚಳ ಠಣ್ಣೆಂದಾಗಲೆಲ್ಲ ಒಬ್ಬನ ಎದೆ ಉಬ್ಬಿತು. ಮೇಜಿನ ಮೇಲಿನ ನೋಟುಗಳು ಬಿಸಿಲಿಗಿಟ್ಟ ಮಂಜುಗಡ್ಡೆಯಂತೆ ತೆಳ್ಳಗಾದವು. ಎದೆ ಉಬ್ಬಿದವರ ಕಣ್ಣಿಗೆ ಮೇಜು ಕಾಣಲಿಲ್ಲ. ಐದು ಗಂಟೆಗೆ ಅರವತ್ತನೆಯ ಆಟ. ಉಳಿದಿದ್ದುದು ನೂರು. ದರ್ಜಿಗೆ ಮೂರು ರಾಜನ ಎಲೆಗಳು ಬಂದವು.

"ಕೊನೇ ಆಟ ನಂದು!" ಎಂದು ಅವನು ಆ ನೂರನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಬಡಿದ. ಮೂವರೂ ಅವನ ಬೆನ್ನು ತಟ್ಟಿ, ಬರಿಗೈಯಲ್ಲಿ, ಸಂತೋಷವಾಗಿ ಹೊರಟರು.

ಹೆಂಡತಿ ಡಬ್ಬವನ್ನು ಬೋರಲು ಹಾಕಿ ಎಣಿಸಿದಳು. "ಆರು ಸಾವಿರ. ಸರಿಯಾಗಿದೆ."

"ಅದು ಟೀ ದುಡ್ಡಲ್ವೇನೇ?"

"ಮೂವತ್ತೈದು ಸಾವಿರದ ಏಳ್ನೂರೂ ಟೀ ದುಡ್ಡೇ. ಐವತ್ತೊಂದು ಶನಿವಾರ, ವಾರಕ್ಕೆ ಮೂವತ್ತೆರಡು ಆಟ, ಆಟಕ್ಕೆ ಇಪ್ಪತ್ತೈದು. ಹಾಲು, ಸಕ್ಕರೆ, ಟೀಪುಡಿಗೆ ಐದು ಸಾವಿರದ ನೂರು ಕಳೆದಿದೀನಿ."

ದರ್ಜಿ ಖಾಲಿ ಡಬ್ಬದೊಳಗೆ ಇಣುಕಿದ. "ಹಾಗಾದ್ರೆ ಸೋತೋರು ಯಾರು?"

"ಗೆದ್ದೋರೆಲ್ಲ."

ಒಂದು ದಿನವೂ ಇಸ್ಪೀಟು ಮುಟ್ಟದೆ ಆ ಮೇಜಿನಲ್ಲಿ ಗೆದ್ದವಳು ಅವಳೊಬ್ಬಳೇ. ಆರಕ್ಕೆ ಹತ್ತು ನಿಮಿಷವಿರುವಾಗ ಯಂತ್ರ ಬಂತು. ಅದನ್ನು ಕಿಟಕಿಯ ಪಕ್ಕ ಇರಿಸಿದ ಮೇಲೆ ಅವಳು ಕೇಳಿದಳು: "ಲೈನಿಂಗ್ ದುಡ್ಡೆಲ್ಲಿ?"

ದರ್ಜಿ ಖಾಲಿ ಮೇಜಿನತ್ತ ನೋಡಿದ. ಅವಳು ಅಳತೆ ಪುಸ್ತಕದಲ್ಲಿ ಅವನ ಪುಟ ತೆರೆದಳು. ತನ್ನ ಸೊಂಟ ಮೂವತ್ತೆರಡೆಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅವಳು ಟೇಪು ಹಿಡಿದು ಮೂವತ್ತಾರೆಂದು ಬರೆದಿದ್ದಳು. ಅದರ ಕೆಳಗೆ ಈಗ ಬರೆದಳು: ಬಾಕಿ, ಎರಡು ಸಾವಿರದ ನಾನೂರು.

ದರ್ಜಿ ಬಗ್ಗಿ ಓದಿದ. ಅವನ ಮುಖ ನಿಧಾನವಾಗಿ ಅರಳಿತು.

"ಬರ್ಕೋ, ಬರ್ಕೋ. ನನ್ನ ಗೆಲುವಿನಲ್ಲಿ ಅದನ್ನ ಕಳೆದ್ರೂ ಇನ್ನೂ ಒಂಬತ್ತು ಸಾವಿರ ಲಾಭದಲ್ಲಿರ್ತೀನಿ!"

ವ್ಯವಕಲನದಲ್ಲಿ ತಪ್ಪಿರಲಿಲ್ಲ. ಬಾಕಿ ಹಾಗೆಯೇ ಉಳಿಯಿತು.