ಅಂಕಲ್ ತಿದ್ದದ ಪದ

ನಮ್ಮ ಎದುರುಮನೆ ಅಂಕಲ್ ಕೈಗೆ ಸಿಕ್ಕ ಇಂಗ್ಲಿಷ್ ಪದ ಯಾವುದೂ ಇಡಿಯಾಗಿ ಮನೆ ಸೇರಿದ ಉದಾಹರಣೆ ಇಲ್ಲ. ತೆಂಗಿನಕಾಯಿ ಒಡೆದಷ್ಟೇ ಸಲೀಸಾಗಿ ಅವರು ಪದ ಒಡೆಯುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ನೆಲೆಸಿದವರು. ಜೇಬಿನ ಕೆಂಪು ಪೆನ್ನು ಮಾತ್ರ ನಿವೃತ್ತಿಯಾಗಿಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ತಿದ್ದಿ ವಾಪಸ್ಸು ಕೊಡುತ್ತಾರೆ! ರಾಜ್ಯೋತ್ಸವದ ದಿನ ಬಡಾವಣೆ ಸಂಘದ ಕಾರ್ಯದರ್ಶಿ ಮೈಕಿನಲ್ಲಿ "ಚಿಲ್ಡ್ರನ್ಸ್‌ಗಳು ಎಲ್ಲಾ ಮುಂದೆ ಬನ್ನಿ" ಎಂದದ್ದೇ ತಡ, ಅಂಕಲ್ ಎದ್ದು ನಿಂತರು.

"ಚಿಲ್ಡ್ರನ್ ಅಂದ್ರೇನೇ ಮಕ್ಕಳು. ಅದಕ್ಕೊಂದು ಎಸ್ಸು, ಅದರ ಮೇಲೆ ಗಳು. ಅವೇ ಮಕ್ಕಳನ್ನ ಎಷ್ಟು ಸಲ ಹೆರಿಸ್ತೀರಿ ಸಾರ್?"

ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಂಕಲ್ ನಗಲಿಲ್ಲ. ಅವರು ನಕ್ಕಿದ್ದನ್ನು ಕಂಡವರೇ ಇಲ್ಲ. ಎರಡು ವರ್ಷದ ಹಿಂದೆ ಆಂಟಿ ತೀರಿಕೊಂಡಾಗ ಅತ್ತಿದ್ದನ್ನೂ ಕಂಡವರಿಲ್ಲ. "ಕಲ್ಲು ಕಣೇ ಆ ಮನುಷ್ಯ" ಎಂದಿತು ಬೀದಿ. ಸುಳ್ಳೇಕೆ ಹೇಳಲಿ, ನಾನೂ ಅಂದೆ.

ಈ ಅಂಕಲ್ ಭಾನುವಾರಗಳಲ್ಲಿ ಶಾಂತವ್ವನಿಗೆ ಪಾಠ ಹೇಳತೊಡಗಿದರು. ಯಾದಗಿರಿ ಕಡೆಯವಳು, ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ತಾನೇ ಓದಿಕೊಂಡು ಬಿ.ಎ. ಪರೀಕ್ಷೆ ಕಟ್ಟಿದವಳು. ಎಲ್ಲ ಮುಗಿದಿತ್ತು, ಇಂಗ್ಲಿಷ್ ಪದಗಳ ರಚನೆಯ ಒಂದೇ ಒಂದು ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ.

"ಈ ಸಲನೂ ಹೋತಂದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಗ ಇಟ್ಟುಬಿಡ್ತೀನ್ರಿ ಸರ್."

"ತಪ್ಪು ನಿಂದಲ್ಲ ಕಣಮ್ಮ, ಪುಸ್ತಕದ್ದು" ಎಂದ ಅಂಕಲ್ ಹೊಸ ಪಠ್ಯಪುಸ್ತಕ ಹುಡುಕಲು ಹೊರಟರು. ಅಬ್ಬಾ, ಮಗನಿಗೆ ಹೆಣ್ಣು ನೋಡಲು ಹೊರಟವರಿಗೂ ಅಷ್ಟು ಸಡಗರ ಇರುವುದಿಲ್ಲ! ರಾಜಾಜಿನಗರ, ವಿಜಯನಗರದ ಅಂಗಡಿಗಳನ್ನೆಲ್ಲ ಜಾಲಾಡಿ ನಾಲ್ಕು ಪುಸ್ತಕ ತಂದರು. ಅವು ಅರ್ಥವಾಗುತ್ತವೋ ಇಲ್ಲವೋ ಎಂದು ಮೊದಲು ಪ್ರಯೋಗ ಯಾರ ಮೇಲೆ? ನನ್ನ ಮತ್ತು ನಮ್ಮಮ್ಮನ ಮೇಲೆ!

ಮೊದಲನೆಯದು ವ್ಯಾಖ್ಯೆಯಿಂದ ಶುರುವಾಯಿತು. ಎರಡನೇ ಸಾಲಿಗೆ ಅಮ್ಮನ ಗೊರಕೆಯೂ ಶುರುವಾಯಿತು. ಫೇಲ್. ಎರಡನೆಯದರಲ್ಲಿ ಒಂದೊಂದು ಪದವನ್ನೂ ಕೊಂಬೆ ಕೊಂಬೆಯಾಗಿ ಬಿಡಿಸಿ ಪುಟದ ತುಂಬ ಮರ ಬರೆದಿದ್ದರು. ಅಮ್ಮ ಕನ್ನಡಕ ಏರಿಸಿಕೊಂಡು, "ಯಾರ ಮನೆ ವಂಶವೃಕ್ಷ ಇದು? ಹೆಸರೆಲ್ಲ ಅರ್ಧಂಬರ್ಧ ಇದಾವಲ್ಲ" ಅಂದರು. ಅದೂ ಫೇಲ್. ಮೂರನೆಯದರಲ್ಲಿ ಉದಾಹರಣೆಗಳೆಲ್ಲ ಹಿಮದ ಮೇಲೇ ಜಾರುತ್ತಿದ್ದವು. "ಸುಂಕದಕಟ್ಟೇಲಿ ಹಿಮ ಬೀಳೋದು ಯಾವಾಗ?" ಎಂದು ಅಂಕಲ್ಲೇ ಮುಚ್ಚಿಟ್ಟರು.

ಉಳಿದದ್ದು ಒಂದು ತೆಳ್ಳನೆಯ ಪುಸ್ತಕ. ಮೊದಲ ಪುಟದಲ್ಲೇ 'ಅನ್'. ಪದದ ಮುಂದೆ ಅದು ಬಂದರೆ 'ಅಲ್ಲ' ಎಂದರ್ಥ: ಹ್ಯಾಪಿ, ಅನ್‌ಹ್ಯಾಪಿ. ನಿಮಗೆ ಗೊತ್ತಿರುವ ಇಂಥ ಪದಗಳನ್ನು ನೀವೇ ಹುಡುಕಿ ಬರೆಯಿರಿ ಎಂದು ಕೆಳಗೊಂದು ಸಾಲು. ಎರಡು ವರ್ಷ ಬರೀ ಬಾಯಿಪಾಠ ಮಾಡಿದ್ದ ಶಾಂತವ್ವ ಅಂದು ಯೋಚಿಸಿ ಯೋಚಿಸಿ ಒಂದು ಹಾಳೆ ತುಂಬಿಸಿದಳು. ಅನ್‌ಫೇರ್, ಅನ್‌ಫಿಟ್, ಅನ್‌ನೋನ್. ಎಲ್ಲ ಸರಿ! ಕೊನೆಯ ಪದದ ಮೇಲೆ ಬಂದು ಕೆಂಪು ಪೆನ್ನು ನಿಂತಿತು.

"ಇದೇನಮ್ಮ, ಅಂಕಲ್ ಅಂತ ಬರ್ದಿದೀಯ?"

"ಎಲ್ಲಾರೂ ನಿಮಗ ಹಂಗ ಕರೀತಾರಲ್ರಿ. ಅನ್ ಅಂದ್ರ ಅಲ್ಲ. ಕಲ್ ಅಂದ್ರ ಕಲ್ಲು. ಕಲ್ಲಲ್ಲದವ್ರು ಅಂಕಲ್ ರೀ ಸರ್."

ಪಕ್ಕದಲ್ಲೇ ಕೂತಿದ್ದ ನಾನು ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅಂಕಲ್ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಅವರನ್ನು ಕಲ್ಲು ಎಂದಿದ್ದ ನನಗೆ ತಲೆ ಎತ್ತಲಾಗಲಿಲ್ಲ.

"ತಪ್ಪು ಕಣಮ್ಮ. ಪರೀಕ್ಷೇಲಿ ಹೀಗೆ ಬರೀಬೇಡ" ಎಂದರು ಕೊನೆಗೆ, ಕನ್ನಡಕ ಏರಿಸಿಕೊಂಡು. "ಪುಸ್ತಕ ಇದೇ ಇರ್ಲಿ."

ಶಾಂತವ್ವ ಪಾಸಾದಳು. ಅಮ್ಮ ತಾವೇ ಪಾಸಾದವರ ಹಾಗೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಮೊನ್ನೆ ಆ ಪುಸ್ತಕವನ್ನು ಓದಲು ಕೇಳಿದೆ. ಕೊಡುವ ಮುಂಚೆ ಅಂಕಲ್ ಅದರೊಳಗಿದ್ದ ಹಾಳೆಯೊಂದನ್ನು ಮೆಲ್ಲಗೆ ತೆಗೆದು ಮಡಚಿ, ಜೇಬಿಗಿಟ್ಟುಕೊಂಡರು. ಮಡಚುವಾಗ ನನಗೆ ಕಂಡಿತು. ಕೊನೆಯ ಪದ ಹಾಗೇ ಇತ್ತು. ಅದರ ಮೇಲೆ ಕೆಂಪು ಗೀಟು ಬಿದ್ದಿರಲಿಲ್ಲ.