ಸುಮ್ಮನೆ ಸೈಕಲ್ ತುಳಿಯುವ ನಮ್ಮ ಭಾವ

ಹಳೇಬೀಡಿನ ದೇವಸ್ಥಾನ ನೋಡಲು ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬರುತ್ತಾರೆ. ನಮ್ಮ ಭಾವ ನಲವತ್ತು ವರ್ಷಗಳಿಂದ ಭಾನುವಾರ ತಪ್ಪಿಸದೆ ಬೇಲೂರಿನಿಂದ ಸೈಕಲ್ ತುಳಿದುಕೊಂಡು ಅದರ ಬಾಗಿಲವರೆಗೂ ಹೋಗುತ್ತಾರೆ. ಆದರೆ ಇವತ್ತಿನವರೆಗೂ ಒಳಗೆ ಕಾಲಿಟ್ಟಿಲ್ಲ! ನಂಬುತ್ತೀರಾ? “ಯಾಕೆ ಭಾವ?” ಎಂದು ಕೇಳಿದರೆ, “ನಾನು ಒಳಗೆ ಹೋದ್ರೆ ಹೊರಗೆ ಸೈಕಲ್ ಯಾರು ನೋಡ್ಕೋತಾರೋ?” ಎನ್ನುತ್ತಾರೆ. “ಬೀಗ ಹಾಕಿ ಹೋಗಿ” ಎಂದರೆ, “ಬೀಗ ಹಾಕಿದ್ರೆ ಅದಕ್ಕೆ ಬೇಜಾರಾಗುತ್ತೆ” ಎನ್ನುತ್ತಾರೆ. ಅಷ್ಟು ದೂರ ಹೋಗಿ ಈಶ್ವರನಿಗೆ ಮುಖ ತೋರಿಸದೆ ಬರುತ್ತಾರಲ್ಲ ಎಂಬುದು ನಮ್ಮಕ್ಕನ ಕೊರಗು. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿದೆ. “ರಸ್ತೆಯಿಂದಲೇ ಬೆಲ್ ಹೊಡೀತೀನಲ್ಲೇ! ಗಂಟೆ ಯಾವುದಾದ್ರೇನು, ಕೇಳಿಸಿಕೊಳ್ಳೋನು ಅವನೇ ತಾನೆ?”

ಭಾವ ಎಂದರೆ ನಮ್ಮಕ್ಕನ ಯಜಮಾನರು. ಬೇಲೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಎಪ್ಪತ್ತು ದಾಟಿದ ಮೇಲೆ ಅಂಗಡಿ ಬಿಟ್ಟರು, ಸೈಕಲ್ ಬಿಡಲಿಲ್ಲ. ನಾನೋ, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು, ಕೂತಲ್ಲೇ ಕೂತು ಹೊಟ್ಟೆ ಬೆಳೆಸಿದವನು. ಬಸ್ ಸ್ಟ್ಯಾಂಡಿಗೂ ಆಟೋದಲ್ಲಿ ಹೋಗುವವನು. ಇಂಥ ನನ್ನನ್ನು ನೋಡಿದಾಗಲೆಲ್ಲ ಭಾವ, “ಏನ್ಲಾ ಬಾಮೈದ, ಮುಂದಿನ ಚಕ್ರಕ್ಕೆ ಗಾಳಿ ಜಾಸ್ತಿ ಆದಂಗಿದೆ” ಎಂದು ಹೊಟ್ಟೆ ಕಡೆ ನೋಡುತ್ತಾರೆ.

ಅವರ ಕಷ್ಟ ಏನು ಗೊತ್ತೆ? ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು “ಎಲ್ಲಿಗ್ ಹೊಂಟ್ರಿ?” ಎಂದು ಕೇಳದೆ ಯಾರೂ ಬಿಡುವುದಿಲ್ಲ. ಸಂತೆಗೆ ಎನ್ನಿ, ಮದುವೆಗೆ ಎನ್ನಿ, ಆಸ್ಪತ್ರೆಗೆ ಎನ್ನಿ, ಜನ ಒಪ್ಪುತ್ತಾರೆ. “ಎಲ್ಲಿಗೂ ಇಲ್ಲ, ಸುಮ್ನೆ” ಎಂದರೆ ಮಾತ್ರ ಒಪ್ಪುವುದಿಲ್ಲ. ವಯಸ್ಸಾದ ಸಾಹುಕಾರರು, ಹಣೆ ತುಂಬ ವಿಭೂತಿ, ಪಂಚೆ ಎತ್ತಿ ಕಟ್ಟಿಕೊಂಡು ಬಿಸಿಲಲ್ಲಿ ಸೈಕಲ್ ತುಳಿಯುತ್ತಿದ್ದಾರೆ ಎಂದರೆ, ಒಂದೋ ಬಸ್ ತಪ್ಪಿರಬೇಕು, ಇಲ್ಲ ಮನೆಯಲ್ಲಿ ಜಗಳವಾಗಿರಬೇಕು! ಆದ್ದರಿಂದ ಎಲ್ಲರೂ ಅವರನ್ನು ಕಾಪಾಡಲು ಬರುತ್ತಾರೆ. ಒಂದು ಭಾನುವಾರ ಹಾಲಿನ ವ್ಯಾನಿನವನು ಗಾಡಿ ನಿಲ್ಲಿಸಿ, ಇವರು ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ಸೈಕಲ್ಲನ್ನು ಕ್ಯಾನುಗಳ ಮೇಲೆ ಮಲಗಿಸಿ, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೀದಾ ಬೇಲೂರಿನ ಮನೆ ಬಾಗಿಲಿಗೆ ತಂದು ಇಳಿಸಿದನಂತೆ. ಇವರು ಆಗಷ್ಟೇ ಹೊರಟು ಊರು ದಾಟಿದ್ದರು! “ಇದೇನ್ರೀ ಇಷ್ಟು ಬೇಗ?” ಎಂದು ಅಕ್ಕ ಕೇಳಿದರೆ, ಭಾವ ಅಳುಮುಖ ಮಾಡಿಕೊಂಡು, “ದಾರೀಲಿ ಒಳ್ಳೆಯವರು ಸಿಕ್ಕಿಬಿಟ್ರು ಕಣೇ” ಎಂದರಂತೆ.

ಅಂದಿನಿಂದ ಹ್ಯಾಂಡಲ್ಲಿಗೆ ಒಂದು ಖಾಲಿ ಬಟ್ಟೆ ಚೀಲ ನೇತುಹಾಕಿದರು. ಚೀಲ ಕಂಡರೆ ಏನೋ ಕೆಲಸವಿದೆ ಎಂದುಕೊಂಡು ಜನ ಬಿಟ್ಟುಬಿಡುತ್ತಾರೆ ಎಂಬ ಲೆಕ್ಕ. ಜನ ಬಿಟ್ಟರೆ? “ಹೆಂಗೂ ಬೇಲೂರ್ಗೆ ಹೋಯ್ತಾ ಇದೀರಲ್ಲ ಸಾವ್ಕಾರ್ರೆ, ಇದೊಂದು ನಮ್ ಬೀಗ್ರಿಗೆ ಕೊಟ್ಬಿಡಿ” ಎಂದು ಅವರವರ ಸಾಮಾನು ತುಂಬತೊಡಗಿದರು. ಅವರೆಕಾಯಿ ಬಂತು, ತುಪ್ಪ ಬಂತು, ಒಂದು ದಿನ ಜೀವಂತ ಹುಂಜವೇ ಬಂತು! ನಿತ್ಯ ಲಿಂಗಪೂಜೆಯ ಮನೆಯ ನಮ್ಮ ಭಾವ ಕೊಕ್ಕೊಕ್ಕೋ ಎನ್ನುವ ಚೀಲವನ್ನು ನೇತುಹಾಕಿಕೊಂಡು ಬೇಲೂರಿನ ಪೇಟೆ ಬೀದಿಯಲ್ಲಿ ಬಂದದ್ದನ್ನು ನೋಡಿದವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಅಕ್ಕ ಆ ಚೀಲವನ್ನು ಮತ್ತೆ ಮನೆಯೊಳಗೆ ತರಲು ಬಿಡಲಿಲ್ಲ.

ಇನ್ನು ಅವರ ಉಪದೇಶ! ಕೇಳಿದವರಿಗೂ ಕೊಡುತ್ತಾರೆ, ಕೇಳದವರಿಗೂ ಕೊಡುತ್ತಾರೆ. ಎಲ್ಲಿ ಟೈರು ಕಂಡರೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಚಾಳಿ. ನಮ್ಮ ನೆಂಟರ ಮದುವೆಯಲ್ಲಿ, ಹೂವಿನಿಂದ ಸಿಂಗರಿಸಿ ನಿಲ್ಲಿಸಿದ್ದ ಕಾರಿನಲ್ಲಿ ಮದುಮಕ್ಕಳು ಕೂತಾಗಿದೆ, ಹೆಣ್ಣಿನ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಭಾವ ಬಗ್ಗಿ ಟೈರು ಒತ್ತಿ, “ಗಾಳಿ ಕಮ್ಮಿ ಇದೆ, ಹೊರಡೋ ಹಾಗಿಲ್ಲ” ಎಂದುಬಿಟ್ಟರು! ಗಾಳಿ ತುಂಬಿಸಿಕೊಂಡು ಬರುವಷ್ಟರಲ್ಲಿ ಹೆಣ್ಣಿನ ತಾಯಿಯ ಅಳು ನಿಂತು, ಮದುಮಗಳಿಗೆ ಹಸಿವಾಗಿ, ತಾಯಿ ಮಗಳಿಬ್ಬರೂ ಕೂತು ಇನ್ನೊಂದು ಸಲ ಊಟ ಮಾಡಿದರು.

ನಗುನಗುತ್ತಲೇ ಹೀಗೆ ನಡೆದುಕೊಂಡು ಹೋಗುತ್ತಿತ್ತು. ಈ ಸಲದ ಸುಗ್ಗಿಯಲ್ಲಿ ಹಳೇಬೀಡಿನ ಆಚೆ ಯಾರೋ ಒಕ್ಕಣೆ ಮಾಡಲು ರಸ್ತೆಗೆ ಹುರುಳಿ ಹರಡಿದ್ದರು. ಅದರ ಮೇಲೆ ಚಕ್ರ ಜಾರಿ ಭಾವ ಬಿದ್ದರು. ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದು ಅವರು ಆಡಿದ ಮೊದಲ ಮಾತು, “ಸೈಕಲ್‌ಗೆ ಏನೂ ಆಗಿಲ್ಲ.” ಅವತ್ತು ಅಕ್ಕ ನನಗೆ ಫೋನ್ ಮಾಡಿದಳು.

“ನೀನು ಬಾರೋ. ಈ ಭಾನುವಾರ ಅವರ ಜೊತೆ ಹೋಗು. ಹೆಂಗಾದ್ರೂ ಮಾಡಿ ಸೈಕಲ್ ಸಾಕು ಅಂತ ಒಪ್ಪಿಸು. ಎಲ್ಲೋ ಬಿದ್ದು, ಯಾರೂ ನೋಡದೆ ಹೋದ್ರೆ ನಾನೇನೋ ಮಾಡ್ಲಿ?”

“ನೀನೇ ಹೇಳಬಾರದಾ ಅಕ್ಕ?”

“ನನ್ನ ಬಾಯಲ್ಲಿ ಬರಲ್ಲ ಕಣೋ.”

ಅಕ್ಕ ನನ್ನ ಹತ್ತಿರ ಏನನ್ನೂ ಬೇಡಿದವಳಲ್ಲ. ಹೋದೆ. ಪಕ್ಕದ ಮನೆಯವರ ಗೇರಿನ ಸೈಕಲ್ಲನ್ನು ನನಗಾಗಿ ಎರವಲು ತಂದಿಟ್ಟಿದ್ದಳು. ನನ್ನ ಯೋಜನೆ ಸರಳವಾಗಿತ್ತು. ಊರು ದಾಟುತ್ತಲೇ ಮಾತು ತೆಗೆಯುವುದು, ಹಳೇಬೀಡು ಬರುವಷ್ಟರಲ್ಲಿ ಒಪ್ಪಿಸುವುದು. ಆದರೆ ಮಾತಾಡಲು ಉಸಿರು ಬೇಕಲ್ಲ ಸ್ವಾಮಿ! ಮೊದಲ ಏರಿನಲ್ಲೇ ನನ್ನ ಬಾಯಿಂದ “ಭಾವ… ಹ್ಹ… ನಾನೇನ್ ಹೇಳೋದು… ಹ್ಹ…” ಎಂಬುದರ ಮುಂದೆ ಏನೂ ಹೊರಡಲಿಲ್ಲ. ಭಾವ ಮಾತ್ರ ಪಕ್ಕದಲ್ಲೇ ಆರಾಮಾಗಿ ತುಳಿಯುತ್ತ ಪಾಠ ಶುರು ಮಾಡಿದರು.

“ಏರಿನಲ್ಲಿ ತಲೆ ಎತ್ತಬೇಡ. ಮುಂದಿನ ಚಕ್ರ ನೋಡ್ಕೊಂಡು ತುಳಿ, ಏರು ಅದಾಗಿ ಅದೇ ಮುಗಿಯುತ್ತೆ. ಹಸಿವಾಗೋ ಮುಂಚೆ ತಿನ್ನು, ಬಾಯಾರೋ ಮುಂಚೆ ಕುಡಿ. ನಿನಗೆ ಸುಸ್ತಾಗೋ ಮುಂಚೆ ಜೊತೇಲಿರೋನಿಗೆ ಸುಸ್ತಾಯ್ತಾ ಅಂತ ಕೇಳು, ಮರ್ಯಾದೆ ಉಳಿಯುತ್ತೆ. ಸುಸ್ತಾಯ್ತೇನ್ಲಾ?”

“ಇ… ಲ್ಲ…”

“ನಾಯಿ ಅಟ್ಟಿಸಿಕೊಂಡು ಬಂದ್ರೆ ಓಡಬೇಡ, ಇಳಿದುಬಿಡು. ಇಳಿದೋನ ಜೊತೆ ಏನ್ ಮಾಡಬೇಕು ಅಂತ ಅದಕ್ಕೆ ಗೊತ್ತಿರಲ್ಲ.”

ಇದನ್ನು ಪರೀಕ್ಷೆ ಮಾಡುವ ಅವಕಾಶವೂ ಸಿಕ್ಕಿತು. ಒಂದು ತೋಟದಿಂದ ನಾಯಿ ಹಾರಿ ಬಂತು. ಭಾವ ಇಳಿದು ನಿಂತು, “ಏನಪ್ಪಾ, ತಿಂಡಿ ಆಯ್ತಾ?” ಎಂದರು. ನಾಯಿ ಪೆಚ್ಚಾಗಿ ಬಾಲ ಆಡಿಸಿತು. ನಾನು ಇಳಿಯಲಿಲ್ಲ. ಎಲ್ಲಿತ್ತೋ ಆ ಶಕ್ತಿ, ಮುಂದಿನ ಏರನ್ನು ಒಂದೇ ಉಸಿರಿಗೆ ಹತ್ತಿಬಿಟ್ಟೆ! ಹಿಂದಿನಿಂದ ಬಂದ ಭಾವ, “ನಿನಗೆ ಗೇರು ಬೇಕಿರಲಿಲ್ಲ ಕಣ್ಲಾ, ನಾಯಿ ಇದ್ರೆ ಸಾಕಿತ್ತು” ಎಂದರು.

ದಾರಿಯಲ್ಲಿ ಎಳನೀರಿನವನ ಹತ್ತಿರ ನಿಂತೆವು. ನಾವು ಕುಡಿದು ಮುಗಿಸುತ್ತಿದ್ದಂತೆ ಅವನ ಫೋನು ರಿಂಗಾಯಿತು. ಅವನು ಅತ್ತ ತಿರುಗಿ ಮೆಲ್ಲಗೆ, “ಹೂಂ, ಬಂದವ್ರೆ… ಚೆನ್ನಾಗವ್ರೆ… ಇಬ್ರೂವೆ” ಎಂದ. ಭಾವ ಆಕಾಶ ನೋಡುತ್ತಿದ್ದವರು ತಟ್ಟನೆ ಎದ್ದು ಹೊರಟರು. ಹಳೇಬೀಡಿನಲ್ಲಿ ಕೆರೆ ಕಡೆಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಲ್ಲಿಯೂ ಗಲ್ಲಾದಲ್ಲಿದ್ದವರಿಗೆ ಫೋನು ಬಂತು, ಅವರೂ ಗೋಡೆ ಕಡೆ ತಿರುಗಿದರು, ಭಾವನೂ ಆಮೇಲೆಯೇ ಎದ್ದರು. ನನಗೆ ಇದೆಲ್ಲ ಗಮನಿಸುವ ಸ್ಥಿತಿ ಎಲ್ಲಿತ್ತು? ಆ ಸೈಕಲ್ ಸೀಟು ಮಾಡಿದವನು ಯಾರೆಂದು ಯೋಚಿಸುತ್ತಿದ್ದೆ.

ಹಳೇಬೀಡು ದಾಟಿ ಮಾದಿಹಳ್ಳಿ ತಲುಪಿದಾಗ ಬಿಸಿಲು ಏರಿತ್ತು. ಭಾವ ಅಲ್ಲಿಂದಲೇ ಬೇಲೂರಿನ ಕಡೆ ತಿರುಗುವುದು. ಡೈರಿ ಪಕ್ಕದಲ್ಲಿ ಒಬ್ಬ ಹೆಂಗಸಿನ ಕಾಫಿ ಅಂಗಡಿ. ಕಾಫಿ ಕುಡಿದೆವು. ಭಾವ ಇನ್ನೊಂದು ಹೇಳಿದರು. ಅದೂ ಮುಗಿಯಿತು, ಮತ್ತೊಂದು ಹೇಳಿದರು! ದಾರಿಯುದ್ದಕ್ಕೂ “ಕಾಫಿ ಒಂದೇ ಲೋಟ, ಮೇಲೆ ಕುಡಿದ್ರೆ ತುಳಿಯೋಕಾಗಲ್ಲ” ಎಂದು ಬೋಧಿಸಿದ ಮನುಷ್ಯ! ಅಂಗಡಿಯಾಕೆಯೂ ಸೆರಗು ತಿರುವುತ್ತ, ಫೋನನ್ನೊಮ್ಮೆ ನಮ್ಮನ್ನೊಮ್ಮೆ ನೋಡುತ್ತಿದ್ದಳು.

“ಹೊರಡೋಣ ಭಾವ, ಬಿಸಿಲಾಯ್ತು.”

“ತಾಳೋ.” ಆಮೇಲೆ ನನ್ನ ಕಿವಿ ಹತ್ತಿರ ಬಂದರು. “ನಿಮ್ಮಕ್ಕನ ಫೋನು ಇನ್ನೂ ಬಂದಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ವರ್ಷಗಳಿಂದ ಅಕ್ಕ ಪ್ರತಿ ಭಾನುವಾರ ಈ ಮೂರು ಕಡೆಗೂ ಫೋನ್ ಮಾಡಿ, ಬಂದರಾ, ಹೊರಟರಾ ಎಂದು ವಿಚಾರಿಸುತ್ತಾಳಂತೆ. ಭಾವನಿಗೆ ಹೇಳಬೇಡಿ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಾಳಂತೆ.

“ಫೋನ್ ಬರೋ ಮುಂಚೆ ನಾನು ಹೊರಟುಬಿಟ್ರೆ, ದಾರೀಲಿ ಎಲ್ಲಿದೀನೋ ಏನೋ ಅಂತ ಅವಳ ಜೀವ ಹೊಡ್ಕೊಳ್ಳುತ್ತೆ. ಬರೋವರೆಗೂ ಏನಾದ್ರೂ ಕುಡೀತಾ ಕೂತಿರ್ತೀನಿ. ನನಗೆ ಗೊತ್ತು ಅಂತ ಅವಳಿಗೆ ಹೇಳಬೇಡ. ನಾಚ್ಕೊಂಡು ನಿಲ್ಲಿಸಿಬಿಡ್ತಾಳೆ.”

ಅವರು ಪಟ್ಟಿ ಕಟ್ಟಿದ ಮೊಣಕೈ ಸವರಿಕೊಳ್ಳುತ್ತ ಮುಂದುವರಿಸಿದರು. “ನೀನು ಬಂದಿರೋದು ಯಾಕೆ ಅಂತಾನೂ ಗೊತ್ತು ಕಣೋ. ಸೈಕಲ್ ಬಿಡಿ ಅಂತ ಹೇಳೋಕೆ ತಾನೆ? ಅವಳೇ ಬಂದು ಬೇಡ ಅಂದ್ರೆ ಇವತ್ತೇ ಬಿಡ್ತೀನಿ. ಒಂದು ಮಾತೂ ಎದುರಾಡಲ್ಲ. ಹೇಳು ಅವಳಿಗೆ.”

ಅಷ್ಟರಲ್ಲಿ ಅಂಗಡಿಯ ಫೋನು ರಿಂಗಾಯಿತು. ಅಂಗಡಿಯಾಕೆ ಹಿಂದಿನ ಬಾಗಿಲಿಗೆ ಓಡಿದಳು. “ಇಲ್ಲೇ ಅವ್ರೆ ಅಕ್ಕಾರೆ… ಅಯ್ಯೋ, ನಲ್ಲೀಲಿ ನೀರು ಬಂದಿತ್ತಾ? ಅದ್ಕೇ ತಡ ಆಯ್ತಾ…” ಭಾವ ಲೋಟ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿದರು. ಅಷ್ಟು ಕಾಫಿ ಕುಡಿದ ಅವರು ವಾಪಸ್ ದಾರಿಯಲ್ಲಿ ಎಷ್ಟು ಕಡೆ ಬೇಲಿ ಮರೆಗೆ ಇಳಿದರು ಎಂಬುದನ್ನು ನಾನು ಬರೆಯುವುದಿಲ್ಲ.

ಬೇಲೂರು ಸೇರಿದೆವು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ, ಉರುಳಿದೆ. ಭಾವ ಹಿತ್ತಲಿಗೆ ಸೈಕಲ್ ಒರೆಸಲು ಹೋದದ್ದೇ ತಡ, ಅಕ್ಕ ಅಡುಗೆಮನೆಗೆ ನನ್ನನ್ನು ಕರೆದುಕೊಂಡು ಹೋದಳು.

“ಹೇಳಿದ್ಯೇನೋ?”

“ಇಲ್ಲ ಅಕ್ಕ. ನೀನೇ ಬೇಡ ಅಂದ್ರೆ ಇವತ್ತೇ ಬಿಡ್ತಾರಂತೆ. ಎದುರು ಮಾತೂ ಆಡಲ್ವಂತೆ.”

ಒಲೆಯ ಮೇಲಿನ ಸಾರು ಕುದಿಯುತ್ತಿತ್ತು. ಅಕ್ಕ ಉರಿ ಸಣ್ಣ ಮಾಡಿದಳು. “ಹಂಗಂದ್ರಾ?” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಬೇಡ ಬಿಡೋ. ಹೋಗ್ಲಿ. ಹೋಗಿ ಬರ್ಲಿ. ನಿನ್ನ ಕಳಿಸಿಬಿಟ್ಟು, ಎಲ್ಲಿ ಒಪ್ಪಿಕೊಂಡುಬಿಡ್ತಾರೋ ಅಂತ ಬೆಳಿಗ್ಗೆಯಿಂದ ನನಗೆ ಕೈ ಕಾಲೇ ಆಡ್ತಿರಲಿಲ್ಲ.”

ಆಗಲೇ ಅವಳ ಫೋನು ರಿಂಗಾಯಿತು. ಮಾದಿಹಳ್ಳಿಯ ಆ ಹೆಂಗಸು. ಸಾವ್ಕಾರ್ರು ಮನೆ ಮುಟ್ಟಿದರಾ ಎಂದು ವಿಚಾರಿಸಲು ಮಾಡಿದ್ದಳು. ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹೆಂಗಸರು!

“ಬಂದ್ರು ಕಣಮ್ಮಾ, ಚೆನ್ನಾಗಿ ಬಂದ್ರು. ನನ್ನ ತಮ್ಮನೂ ಬಂದ,” ಎಂದಳು ಅಕ್ಕ. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ನಾನು ನೀರು ಹಿಡ್ಕೊಂಡು ಫೋನ್ ಮಾಡೋದು ತಡ ಮಾಡಿಬಿಟ್ಟೆ. ಪಾಪ, ಅಲ್ಲಿವರೆಗೂ ಅವರು ಹೊರಡದೆ ಕಾಯ್ತಾ ಕೂತಿದ್ರು ಅಲ್ವಾ?” ಎಂದಳು.

ಅಂದರೆ ಅಕ್ಕನಿಗೂ ಗೊತ್ತಿತ್ತು! ನಾನು ಹಿತ್ತಲಿಗೆ ಬಂದು ಭಾವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅವರು ಒಂದು ಬಟ್ಟೆ ಚೂರು ಕೊಟ್ಟರು. ಇಬ್ಬರೂ ಸೈಕಲ್ ಒರೆಸಿದೆವು. ಮೈಯೆಲ್ಲ ನೋಯುತ್ತಿತ್ತು, ಕಣ್ಣು ತುಂಬಿ ಬಂದಿತ್ತು. ಇವರಿಬ್ಬರ ನಡುವೆ ಇದ್ದದ್ದನ್ನು ಇಷ್ಟು ಹತ್ತಿರದಿಂದ ನೋಡಿದೆನಲ್ಲ, ನನ್ನ ಪುಣ್ಯ ಎಂದುಕೊಂಡೆ. ನಾನು ಹೇಳಲಿಲ್ಲ. ಅವಳಿಗೆ ಗೊತ್ತೆಂದು ಇವರಿಗೂ ಹೇಳಲಿಲ್ಲ, ಇವರಿಗೆ ಗೊತ್ತೆಂದು ಅವಳಿಗೂ ಹೇಳಲಿಲ್ಲ.